ಕಲ್ಲು ಮಣ್ಣಾಗುವ ಕಾಲಚಕ್ರ

ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆ ಸುತ್ತಿನ ಕೆಂಪು ಭೂಮಿಯಲ್ಲಿ ಬಾವಿ ತೋಡಿದಾಗ ಮೊದಲು ಮಣ್ಣು, ಕೆಳಗೆ ಗರಸು, ಅನಂತರ ಕೊಳೆತ ಕಲ್ಲು, ಕೊನೆಗೆ ಗಟ್ಟಿಬಂಡೆ ಸಿಗುವುದು ರೈತರಿಗೆ ತಿಳಿದ ವಿಷಯ. ಇವು ಬೇರೆ ಬೇರೆ ವಸ್ತುಗಳಲ್ಲ. ಒಂದೇ ಬಂಡೆ ಮಣ್ಣಾಗುವ ನಾಲ್ಕು ಹಂತಗಳು.

ಶಿಲೆಗಳ ಚಕ್ರ

ಸಮೀಪದ ಸರಗೂರಿನ ಹೆಸರನ್ನೇ ಹೊತ್ತ ಸರಗೂರು ಶಿಲಾಸಮೂಹದ ವಯಸ್ಸು 300 ಕೋಟಿ ವರ್ಷಗಳಿಗೂ ಹೆಚ್ಚು. ಅಂದು ನೀರಿನಡಿ ಶೇಖರವಾದ ಮರಳು, ಸುಣ್ಣಗಳು ಒತ್ತಡ ಮತ್ತು ಶಾಖದಿಂದ ಮಾರ್ಪಟ್ಟು ಆದ ಶಿಲೆಗಳು ಇದರಲ್ಲಿವೆ. ಎಂದರೆ ಆಗಲೂ ನೆಲ ಸವೆದು, ಕೊಚ್ಚಿಹೋಗಿ, ಮತ್ತೆ ಕಲ್ಲಾಗಿತ್ತು.

ಹವೆಯ ಮೇಲೆ ಪರಿಣಾಮ

ಮಳೆನೀರು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಕರಗಿಸಿಕೊಂಡು ದುರ್ಬಲ ಆಮ್ಲವಾಗಿ ಬಂಡೆಯನ್ನು ಸವೆಸುತ್ತದೆ. ಹೊರಬಂದ ಸುಣ್ಣಾಂಶ ಹೊಳೆಗಳ ಮೂಲಕ ಕಡಲು ಸೇರಿ, ಇಂಗಾಲದೊಡನೆ ಸುಣ್ಣಕಲ್ಲಾಗುತ್ತದೆ. ಭೂಫಲಕಗಳ ಚಲನೆಯಿಂದ ಭೂಗರ್ಭಕ್ಕಿಳಿದ ಇಂಗಾಲ ಜ್ವಾಲಾಮುಖಿಗಳ ಮೂಲಕ ಮತ್ತೆ ಗಾಳಿಗೆ ಬರುತ್ತದೆ. ಈ ಜಮಾ-ಖರ್ಚು ಏರುಪೇರಾದಾಗಲೆಲ್ಲ ಭೂಮಿಯ ಹವಾಗುಣ ಬದಲಾಗಿದೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಭಾಗ ಏಷ್ಯಾಕ್ಕೆ ತಾಗಿ ಹಿಮಾಲಯ ಏಳತೊಡಗಿದ್ದೂ ಇದೇ ಚಲನೆಯಿಂದ. ಮುಂಗಾರಿನ ಬಲಕ್ಕೆ ಅದೂ ಒಂದು ಕಾರಣ.

ಮಣ್ಣಿನ ಲೆಕ್ಕ

ಬಂಡೆಯಿಂದ ಒಂದು ಸೆಂಟಿಮೀಟರ್ ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ಒಂದು ಎಕರೆಯಲ್ಲಿ ಇಷ್ಟು ದಪ್ಪದ ಮಣ್ಣಿನ ತೂಕ ಸುಮಾರು 55 ಟನ್. ಇಳಿಜಾರಿನ ಉದ್ದಕ್ಕೂ ಉತ್ತ ಹೊಲದಿಂದ ಇದು ಕೆಲವೇ ಮುಂಗಾರುಗಳಲ್ಲಿ ಕೊಚ್ಚಿಹೋಗಿ, 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದಲ್ಲಿ ಹೂಳಾಗಬಹುದು. ಕಳೆದ ಸಾರವನ್ನು ಗೊಬ್ಬರದಿಂದ ತುಂಬಬಹುದು. ಕಳೆದ ಆಳವನ್ನು ತುಂಬಲಾಗದು. ಆಳ ಕಡಿಮೆಯಾದಂತೆ ಭೂಮಿ ತೇವ ಹಿಡಿಯುವುದಿಲ್ಲ. ಮಳೆ ಸ್ವಲ್ಪ ಹಿಂದೆಗೆದರೂ ರಾಗಿ, ಹತ್ತಿ ಬಾಡುತ್ತವೆ.

ರೈತರು ಗಮನಿಸಬೇಕಾದ ಅಂಶಗಳು

1. ಉಳುಮೆ, ಬಿತ್ತನೆಗಳನ್ನು ಇಳಿಜಾರಿಗೆ ಅಡ್ಡಲಾಗಿಯೇ ಮಾಡಬೇಕು.

2. ಸಮಪಾತಳಿ ಬದುಗಳನ್ನು ಹಾಕಿ, ಒಡೆದ ಬದುಗಳನ್ನು ಮುಂಗಾರಿಗೆ ಮೊದಲೇ ಸರಿಪಡಿಸಬೇಕು.

3. ಬದುಗಳ ಮೇಲೆ ಲಾವಂಚ ನೆಡಬೇಕು. ನೆರೆಯ ಗುಂಡ್ಲುಪೇಟೆ ಸೀಮೆಯ ರೈತರಲ್ಲಿ ಈ ಪದ್ಧತಿ ಹಿಂದಿನಿಂದಲೂ ಇದೆ.

4. ಹತ್ತಿಯ ಸಾಲುಗಳ ನಡುವೆ ಅಲಸಂದೆಯಂತಹ ಹರಡುವ ಬೆಳೆ ಹಾಕಿ ನೆಲವನ್ನು ಮುಚ್ಚಬೇಕು.

ಕೊಚ್ಚಿಹೋದ ಮಣ್ಣನ್ನು ಭೂಮಿ ಮತ್ತೆ ಕಟ್ಟಿಕೊಡುತ್ತದೆ. ಆದರೆ ಈಗಿನ ಒಕ್ಕಲಿಗರ ಕಾಲಕ್ಕಲ್ಲ, ಅವರ ಮೊಮ್ಮಕ್ಕಳ ಕಾಲಕ್ಕೂ ಅಲ್ಲ. ಆದ್ದರಿಂದ ಇರುವ ಮಣ್ಣನ್ನು ಹೊಲದಲ್ಲೇ ಉಳಿಸಿಕೊಳ್ಳುವುದೊಂದೇ ದಾರಿ.