ದಖ್ನಿಯೂ ರಾಕ್ ಅಂಡ್ ರೋಲೂ

ಹಿಮಾಯತ್‌ನಗರದ ಗಲ್ಲಿಗಳಲ್ಲಿ ಕಿವಿಗೆ ಬೀಳುವ ದಖ್ನಿಗೂ ರಾಕ್ ಅಂಡ್ ರೋಲ್‌ಗೂ ಏನು ಸಂಬಂಧ ಅಂತೀರಾ? 1965ರ ‘ಗುಮ್‌ನಾಮ್’ ಸಿನಿಮಾದ ಹಾಡು ಕೇಳಿ. ಸಂಗೀತ ಶಂಕರ್-ಜೈಕಿಶನ್ ಅವರದು. ಈ ಜೋಡಿಯ ಶಂಕರ್ ಬೆಳೆದದ್ದು ಹೈದರಾಬಾದ್‌ನಲ್ಲೇ. ಮುಹಮ್ಮದ್ ರಫಿ ಹಾಡಿದ ‘ಜಾನ್ ಪೆಹಚಾನ್ ಹೋ’ ಅಪ್ಪಟ ರಾಕ್ ಅಂಡ್ ರೋಲ್. 2001ರ ಅಮೆರಿಕನ್ ಸಿನಿಮಾ ‘ಘೋಸ್ಟ್ ವರ್ಲ್ಡ್’ ಶುರುವಾಗುವುದೇ ಈ ಹಾಡಿನಿಂದ. ‘ಗುಮ್‌ನಾಮ್’ನಲ್ಲೇ ರಫಿ ಸಾಹೇಬರು ಮೆಹಮೂದ್‌ಗಾಗಿ ಹೈದರಾಬಾದಿ ಧಾಟಿಯ ಹಾಡನ್ನೂ ಹಾಡಿದ್ದಾರೆ. 1968ರಲ್ಲಿ ಇದೇ ಜೋಡಿ ‘ರಾಗ ಜಾಝ್ ಸ್ಟೈಲ್’ ಆಲ್ಬಮ್‌ನಲ್ಲಿ ರಯೀಸ್ ಖಾನರ ಸಿತಾರನ್ನು ಜಾಝ್ ಜೊತೆ ಕೂಡಿಸಿತು.

ಕರ್ನಾಟಕದ ಎಷ್ಟೋ ಮುಸ್ಲಿಂ ಮನೆಗಳ ಮಾತೂ ದಖ್ನಿಯೇ. ಅದು ‘ಕೆಟ್ಟ ಉರ್ದು’ ಅಂತ ನಾಚುವ ಮಕ್ಕಳಿಗೆ ಆ ಎರಡು ಹಾಡು ಕೇಳಿಸಿ. ಮನೆ ಮಾತು ಬಿಡದೆಯೂ ಹೊಸದನ್ನು ಕಲಿಯಬಹುದು ಅಂತ ಅವರಿಗೇ ಗೊತ್ತಾಗುತ್ತದೆ.