ಹುಂಜದ ನೆಂಟರು ಯಾರು?

ಅಕ್ಕಂದಿರೇ, ಕೋಳಿಯ ಕಾಲನ್ನು ಹತ್ತಿರದಿಂದ ನೋಡಿದ್ದೀರಾ? ಅದರ ಮೇಲೆ ಹುರುಪೆ ಇದೆ. ಮೊಸಳೆಯ ಮೈಮೇಲೂ ಹುರುಪೆ ಇದೆ. ಹಾಗಾದರೆ ಇವು ನೆಂಟರೋ?

ಹೌದು. ಇಂದು ಬದುಕಿರುವ ಪ್ರಾಣಿಗಳಲ್ಲಿ ಹಕ್ಕಿಗಳಿಗೆ ಬಹಳ ಹತ್ತಿರದ ನೆಂಟ ಮೊಸಳೆಯೇ! ಸುಮ್ಮನೆ ಹೇಳಿದರೆ ನಂಬಬೇಕೇ? ಬೇಡ. ಸಾಕ್ಷಿ ಕೇಳೋಣ.

ಮೊದಲ ಸಾಕ್ಷಿ ಮೂಳೆ. ಜರ್ಮನಿ ದೇಶದ ಸುಣ್ಣಕಲ್ಲಿನ ಗಣಿಗಳಲ್ಲಿ 1861ರಿಂದ ಈಚೆಗೆ ಒಂದು ಪ್ರಾಣಿಯ ಕಲ್ಲಾದ ಮೂಳೆಗಳು ಸಿಕ್ಕಿವೆ. ಅದರ ಹೆಸರು ಆರ್ಕಿಯಾಪ್ಟೆರಿಕ್ಸ್. ಅದು ಬದುಕಿದ್ದು ಸುಮಾರು 15 ಕೋಟಿ ವರ್ಷಗಳ ಹಿಂದೆ. ಅದಕ್ಕೆ ಹಕ್ಕಿಯ ಹಾಗೆ ಗರಿ ಇತ್ತು. ಆದರೆ ಬಾಯಲ್ಲಿ ಹಲ್ಲೂ ಇತ್ತು! ಉದ್ದನೆಯ ಮೂಳೆಬಾಲವೂ ಇತ್ತು. ಡೈನೊಸಾರ್ ಎಂಬ ಹಳೆಯ ಪ್ರಾಣಿಗಳ ವಂಶದಲ್ಲೇ ಹಕ್ಕಿಗಳು ಹುಟ್ಟಿ ಬಂದವು.

ಎರಡನೇ ಸಾಕ್ಷಿ ಮೈಯೊಳಗೇ ಇದೆ. ಅದು ಪ್ರೊಟೀನ್. ನಾವು ಬೇಳೆಯಲ್ಲಿ, ಮೊಟ್ಟೆಯಲ್ಲಿ ತಿನ್ನುತ್ತೇವಲ್ಲ, ಅದೇ. ಪ್ರೊಟೀನ್ ಒಂದು ಪದ ಇದ್ದ ಹಾಗೆ. ಅದನ್ನು ಬರೆಯಲು ಇರುವುದು 20 ಅಕ್ಷರ.

ನಾವು ‘ಕಣ್ಣು’ ಅಂತೀವಿ. ತಮಿಳರು ‘ಕಣ್’ ಅಂತಾರೆ. ತೆಲುಗರು ‘ಕನ್ನು’ ಅಂತಾರೆ. ಪದ ನೋಡಿದರೆ ಸಾಕು, ಈ ಭಾಷೆಗಳು ಅಕ್ಕತಂಗಿಯರು ಎಂದು ತಿಳಿಯುತ್ತದೆ. ಪ್ರೊಟೀನನ್ನೂ ವಿಜ್ಞಾನಿಗಳು ಹೀಗೇ ಓದುತ್ತಾರೆ.

ಹುಂಜದ ವೀರ್ಯಾಣುವನ್ನೇ ತೆಗೆದುಕೊಳ್ಳೋಣ. ನಾಚಿಕೆ ಬೇಡ, ಇದು ತಿಳುವಳಿಕೆಯ ಮಾತು. ತಂದೆಯ ಗುಣಗಳನ್ನು ಮರಿಗೆ ಒಯ್ಯುವ ಉದ್ದನೆಯ ಎಳೆ ಅದರಲ್ಲಿದೆ. ಸೀರೆಯನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಡುವ ಹಾಗೆ, ಆ ಎಳೆಯನ್ನು ಒತ್ತಿ ಮಡಿಸುವ ಪ್ರೊಟೀನ್ ಒಂದಿದೆ. ಅದರ ಹೆಸರು ಪ್ರೋಟಮಿನ್.

ಹುಂಜದ ಪ್ರೋಟಮಿನ್, ಲಾವಕ್ಕಿಯ ಪ್ರೋಟಮಿನ್ ಬಹಳ ಮಟ್ಟಿಗೆ ಒಂದೇ ತರಹ. ಹೋರಿಯದು ಬೇರೆ. ಅದರಲ್ಲಿ ಸಿಸ್ಟೀನ್ ಎಂಬ ಅಕ್ಷರ ಇದೆ. ಹುಂಜ, ಲಾವಕ್ಕಿಗಳದರಲ್ಲಿ ಅದು ಇಲ್ಲ. ಆದರೂ ಮೂರರಲ್ಲೂ ಅರ್ಜಿನಿನ್ ಎಂಬ ಅಕ್ಷರವೇ ಹೆಚ್ಚು. ಅಂದರೆ ಲಾವಕ್ಕಿ ಹುಂಜಕ್ಕೆ ಹತ್ತಿರದ ನೆಂಟ. ಹೋರಿ ದೂರದ ನೆಂಟ.

ಒಂದೇ ಸಾಕ್ಷಿ ಕೇಳಿ ಪಂಚಾಯ್ತಿ ತೀರ್ಮಾನ ಕೊಡಬಾರದು, ಅಲ್ಲವೇ? ವಿಜ್ಞಾನಿಗಳೂ ಒಂದೇ ಪದ ನೋಡಿ ಸುಮ್ಮನಾಗಲಿಲ್ಲ. ಮೊಸಳೆ ಜಾತಿಯ ಮತ್ತು ಹಕ್ಕಿಗಳ ಇಡೀ ವಂಶದ ಬರಹವನ್ನೇ ಹೋಲಿಸಿ ನೋಡಿದರು. ಅದು 2014ರಲ್ಲಿ ಪ್ರಕಟವಾಯಿತು. ಮೂಳೆ ಹೇಳಿದ ಮಾತನ್ನೇ ಅಕ್ಷರವೂ ಹೇಳಿತು.

‘ಹೆಂಗಸರಿಗೆ ಇದೆಲ್ಲ ಯಾಕೆ?’ ಎಂದು ಯಾರಾದರೂ ಕೇಳಬಹುದು. ಕೋಳಿ ಸಾಕುವವರು ನಾವು. ಅದರ ಕತೆ ನಮಗೆ ಬೇಡವೇ? ಅಕ್ಷರ ಕೂಡಿಸಿ ಓದುವುದನ್ನು ನಾವೂ ಕಲಿತಿದ್ದೇವೆ. ಇನ್ನು ಯಾರು ಏನೇ ಹೇಳಲಿ, ‘ಸಾಕ್ಷಿ ಏನು?’ ಎಂದು ಕೇಳೋಣ.