ಕಾಣದ ಜೋಗದ ಮುಂದೆ

ಮಕ್ಕಳಿಗೆ ರಜೆ ಬಂದೊಡನೆ ಸಂಸಾರಸಮೇತರಾಗಿ ಹೊರಡುವ ನಮ್ಮ ಕಾಲದ ಗೃಹಸ್ಥರು, ನೋಡಬೇಕಾದ ಸ್ಥಳಗಳನ್ನೂ ತಲುಪಬೇಕಾದ ವೇಳೆಯನ್ನೂ ತಂಗಬೇಕಾದ ಕೊಠಡಿಯನ್ನೂ ಬಹು ದಿನ ಮುಂಚಿನಿಂದಲೇ ನಿಶ್ಚಯಿಸಿಕೊಂಡು, ಅವುಗಳಲ್ಲಿ ಒಂದು ತಪ್ಪಿದರೂ ಪ್ರವಾಸವೇ ಕೆಟ್ಟಿತೆಂದು ಖಿನ್ನರಾಗುವುದನ್ನು ಕಾಣುವಾಗ ನನಗೆ ವ್ಯಥೆಯಾಗುತ್ತದೆ. ಲೋಪವಿಲ್ಲದೆ ನಡೆದರೆ ಮಾತ್ರ ಪ್ರವಾಸ ಸುಖವೆಂಬ ನಂಬಿಕೆಯು ಎಷ್ಟು ಮನೆಗಳ ರಜೆಯ ಸಂತೋಷವನ್ನು ಕಸಿದುಕೊಂಡಿದೆಯೋ ಹೇಳಲಾಗದು.

ಜೋಗವನ್ನೇ ನೋಡಿರಿ. ಶರಾವತಿಯು ರಾಜಾ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಧಾರೆಗಳಾಗಿ 830 ಅಡಿಗಳ ಆಳಕ್ಕೆ ಧುಮುಕುವ ಆ ಸ್ಥಳದಲ್ಲಿ ನೀರು ಸಮೃದ್ಧವಾಗಿರುವುದು ಮಳೆಗಾಲದಲ್ಲಿ. ಆದರೆ ಆಗಲೇ, ಕಣಿವೆಯಿಂದೇಳುವ ತುಂತುರೂ ಮುಂಗಾರಿನ ಮೋಡವೂ ಬೆರೆತು, ಎದುರಿಗಿರುವ ಜಲಪಾತವನ್ನೇ ಮರೆಮಾಡಿಬಿಡುವುದುಂಟು. ಆಕಾಶ ತಿಳಿಯಾಗಿ ಬಂಡೆಯ ಒಂದೊಂದು ಸೀಳೂ ಸ್ಪಷ್ಟವಾಗಿ ತೋರುವ ಬೇಸಗೆಯಲ್ಲಾದರೋ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಹೊಳೆಯನ್ನು ಮೇಲೆಯೇ ತಡೆದು ನಿಲ್ಲಿಸಿರುವುದರಿಂದ, ಧಾರೆಗಳು ಕೃಶವಾಗಿಬಿಡುತ್ತವೆ. ತುಂಬಿದ ನೀರೂ ನಿರ್ಮಲವಾದ ನೋಟವೂ ಒಟ್ಟಿಗೆ ಕೂಡಿಬರುವ ಗಳಿಗೆ ವಿರಳ. ಅದನ್ನೇ ನೆಚ್ಚಿ ಬಂದವರ ಪಾಲಿಗೆ ನಿರಾಶೆಯೇ ಹೆಚ್ಚು.

ಆಷಾಢ ಶ್ರಾವಣಗಳ ಒಂದು ದಿನ ಅಲ್ಲಿಯ ಕಟಾಂಜನದ ಬಳಿ ನಿಂತು, ಸರಿಯದ ಮಂಜಿನ ಎದುರಿಗೆ ಸಂಸಾರಗಳು ಏನು ಮಾಡುತ್ತವೆಂಬುದನ್ನು ಗಮನಿಸಬೇಕು. ಮೊದಲು ಗೊಣಗಾಟ, ಆಮೇಲೆ, ಮಾಡಲು ಬೇರೇನೂ ಇಲ್ಲವೆಂದು ಮನವರಿಕೆಯಾದಾಗ, ಒಂದೇ ಕೊಡೆಯ ಕೆಳಗೆ ಅಜ್ಜಿಯೂ ಮೊಮ್ಮಗಳೂ ಒತ್ತಿಕೊಂಡು ನಿಲ್ಲುತ್ತಾರೆ, ಸುಟ್ಟ ಜೋಳದ ತೆನೆಯೊಂದು ಕೈಯಿಂದ ಕೈಗೆ ದಾಟುತ್ತದೆ, ಕಾಣದ ನೀರಿನ ಮೊರೆತವನ್ನು ಆಲಿಸುತ್ತ, ಇದು ರಾಜನ ದನಿ, ಇದು ರೋರರಿನದು ಎಂದು ತಂದೆ ಮಕ್ಕಳು ವಾದಕ್ಕಿಳಿಯುತ್ತಾರೆ. ಅಷ್ಟರಲ್ಲಿ ಗಾಳಿ ಬೀಸಿ, ರಾಣಿಯ ಸೆರಗಿನ ತುದಿಯಷ್ಟೇ ಅರೆಗಳಿಗೆ ಕಂಡು ಮರೆಯಾದರೆ, ಪರಸ್ಪರ ಪರಿಚಯವೇ ಇಲ್ಲದವರೆಲ್ಲ ಒಮ್ಮೆಗೇ ಉದ್ಗರಿಸುತ್ತಾರೆ. ಜಲಪಾತವನ್ನು ಇಡಿಯಾಗಿ ಕಂಡವರು ಚಿತ್ರ ತೆಗೆದುಕೊಂಡು ಹಿಂದಿರುಗಿಯಾರು; ಅರೆಗಳಿಗೆ ಕಂಡವರಾದರೋ, ಅದನ್ನು ಒಬ್ಬರಿಗೊಬ್ಬರು ಬಣ್ಣಿಸಿಯೇ ಪೂರ್ಣಗೊಳಿಸಿಕೊಳ್ಳಬೇಕಾಗುತ್ತದೆ.

ಸಿಗಂದೂರಿನ ದಾರಿಯೂ ಇತ್ತೀಚಿನವರೆಗೆ ಇಂಥದೇ ಆಗಿದ್ದಿತು. ಲಿಂಗನಮಕ್ಕಿಯ ಹಿನ್ನೀರನ್ನು ದಾಟಬೇಕಾದವರಿಗೆ ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾಯದೆ ಗತ್ಯಂತರವಿರಲಿಲ್ಲ. ನಾವು ಹಾಗೆ ಕಾದ ಒಂದು ಮಧ್ಯಾಹ್ನ, ಮರದ ನೆರಳಿನಲ್ಲಿ ಜಮಖಾನ ಹಾಸಿ, ಚಿತ್ರಾನ್ನದ ಪೊಟ್ಟಣ ಬಿಚ್ಚಿದಾಗ, ತಮ್ಮ ಬಾಲ್ಯದ ಮಾತನ್ನು ಎಂದೂ ಆಡದಿದ್ದ ನಮ್ಮ ತಂದೆಯವರು, ಸ್ಲೇಟನ್ನು ತಲೆಗೆ ಕಟ್ಟಿಕೊಂಡು ಹೊಳೆ ದಾಟಿ ಶಾಲೆಗೆ ಹೋಗುತ್ತಿದ್ದ ದಿನಗಳನ್ನು ಮೊಮ್ಮಕ್ಕಳಿಗೆ ಹೇಳತೊಡಗಿದರು. ಆಚೆ ದಡದ ತುಮರಿ ಮೊದಲಾದ ಊರುಗಳವರಿಗೆ ಆ ಕಾಯುವಿಕೆ ವಿಹಾರವಾಗಿರಲಿಲ್ಲವೆಂಬುದನ್ನೂ, 2025ರ ಜುಲೈಯಲ್ಲಿ ತೆರೆದ ಸೇತುವೆಯು ಅವರ ದೀರ್ಘಕಾಲದ ಬೇಡಿಕೆಯ ಫಲವೆಂಬುದನ್ನೂ ನಾನು ಬಲ್ಲೆ. ಅಲ್ಲಿಯವರ ಕಷ್ಟ ನೀಗಿದುದು ಸಂತೋಷದ ವಿಷಯ. ಆದರೂ ಆ ದಿನ ಲಾಂಚು ತಡವಾಗದಿದ್ದರೆ, ತಂದೆಯವರ ಆ ಮಾತು ನಮ್ಮ ಮಕ್ಕಳ ಕಿವಿಗೆ ಬೀಳುತ್ತಿರಲಿಲ್ಲ.

ಇದರ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಭವ್ಯವಾದ ದೃಶ್ಯವು ಎಲ್ಲರ ಕಣ್ಣನ್ನೂ ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಅಡಚಣೆಯೊದಗಿದಾಗಲೇ ನಾವು ಪಕ್ಕದಲ್ಲಿರುವವರ ಮುಖವನ್ನು ನೋಡುತ್ತೇವೆ. ವರ್ಷವೆಲ್ಲ ಒಂದೇ ಸೂರಿನಡಿಯಲ್ಲಿದ್ದೂ ಕಚೇರಿ, ಶಾಲೆ, ಅಡುಗೆಮನೆಗಳಿಗೆ ಹಂಚಿಹೋದವರಿಗೆ, ಒಟ್ಟಿಗೆ ಸುಮ್ಮನೆ ಕುಳಿತಿರುವ ಅವಕಾಶ ದುರ್ಲಭ. ತಪ್ಪಿದ ಬಸ್ಸೂ ನಿಲ್ಲದ ಮಳೆಯೂ ಅದನ್ನು ಕೇಳದೆಯೇ ತಂದುಕೊಡುತ್ತವೆ.

ಅಮೆರಿಕದ ಟೆರೆನ್ಸ್ ಮಿಚೆಲ್, ಲೀ ಥಾಂಪ್ಸನ್ ಮೊದಲಾದ ಮನಶ್ಶಾಸ್ತ್ರಜ್ಞರು, ಯೂರೋಪು ಸುತ್ತಲು ಹೋದವರನ್ನೂ ಕ್ಯಾಲಿಫೋರ್ನಿಯಾದಲ್ಲಿ ಸೈಕಲ್ ಯಾತ್ರೆ ಮಾಡಿದವರನ್ನೂ ವಿಚಾರಿಸಿ, ಹೊರಡುವ ಮುನ್ನಿನ ನಿರೀಕ್ಷೆಯೂ ಮರಳಿದ ಮೇಲಣ ನೆನಪೂ ನಡುವಣ ಅನುಭವಕ್ಕಿಂತ ಮಧುರವಾಗಿದ್ದುವೆಂದು 1997ರಲ್ಲಿ ಪ್ರಕಟಪಡಿಸಿದರು. ದಾರಿಯ ಕಿರಿಕಿರಿಯನ್ನು ಕಾಲವು ಹೇಗೂ ಅಳಿಸುತ್ತದೆಯೆಂಬ ಈ ಮಾತಿನಿಂದ ಸಮಾಧಾನಪಡುವವರುಂಟು, ನನಗದು ಸಾಲದು. ನಾಳೆ ಸವಿಯಾಗಲಿರುವುದನ್ನು ಇಂದೇ ಸವಿಯಬಾರದೇಕೆ? ಮರೆವಿನ ಕೃಪೆಗಾಗಿ ಕಾಯುತ್ತ ಕುಳಿತರೆ, ಅಷ್ಟರಲ್ಲಿ ಹೆಗಲೇರಿದ ಮಗು ಬೆಳೆದುಬಿಟ್ಟಿರುತ್ತದೆ. ಕಥೆ ಹೇಳಿದ ಹಿರಿಯರು ನಮ್ಮೊಡನೆ ಇರಲಾರರು.

ಆದರೆ ಈ ಸುಖಕ್ಕೂ ಒಂದು ಧರ್ಮವುಂಟು. ಎಲ್ಲರೂ ನಗುತ್ತಿರುವಾಗ ಒದ್ದೆ ಬಟ್ಟೆ ಹಿಂಡುವವಳೂ, ಅಳುವ ಮಗುವಿಗೆ ತುತ್ತು ಹೊಂದಿಸುವವಳೂ, ಮರೆತ ಸಾಮಾನಿಗೆಲ್ಲ ಉತ್ತರ ಹೇಳಬೇಕಾದವಳೂ ಮನೆಯ ಗೃಹಿಣಿಯೊಬ್ಬಳೇ ಆದರೆ, ಉಳಿದವರ ವಿನೋದವು ಆಕೆಯ ದಣಿವಿನ ಮೇಲೆ ನಿಂತದ್ದಾಗುತ್ತದೆ. ಕಷ್ಟವನ್ನು ಹಂಚಿಕೊಂಡ ಸಂಸಾರದಲ್ಲಿ ಮಾತ್ರ ಅದು ಮುಂದೆ ಎಲ್ಲರೂ ಕೂಡಿ ನಗುವ ಕಥೆಯಾದೀತು. ಆದುದರಿಂದ ರಜೆಗೆ ಹೊರಡುವವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ನೋಡಬೇಕೆಂದುಕೊಂಡ ಸ್ಥಳಗಳಲ್ಲಿ ಅರ್ಧವನ್ನು ಮನೆಯಲ್ಲೇ ಬಿಟ್ಟು ಹೊರಡಿರಿ; ಒಂದು ಅಪರಾಹ್ಣವನ್ನಾದರೂ ಯಾವ ಗುರಿಯೂ ಇಲ್ಲದೆ ಉಳಿಸಿಕೊಳ್ಳಿರಿ; ದಾರಿಯಲ್ಲಿ ಏನಾದರೂ ಕೆಟ್ಟಾಗ, ತಪ್ಪು ಯಾರದೆಂದು ಹುಡುಕುವುದಕ್ಕೆ ಮುನ್ನ, ಹಸಿದವರು ಯಾರು, ನೆನೆದವರು ಯಾರು ಎಂದು ವಿಚಾರಿಸಿರಿ.